ಕೂದಲು ಮತ್ತೆ ಬೆಳೆಯಬೇಕಾ? ಎಣ್ಣೆ ಕಾಯಿಸುವ ಮೊದಲು ಮಾಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ಯಾವ ಎಣ್ಣೆ ಹಚ್ಚಲಿ? ಬಯೋಟಿನ್ ಮಾತ್ರೆ ನುಂಗಬಹುದಾ? ಈರುಳ್ಳಿ ರಸ ನಿಜವಾಗ್ಲೂ ಕೆಲಸ ಮಾಡುತ್ತಾ? ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳಿವು. ಮಳೆಗಾಲ ಶುರುವಾದ ಮೇಲಂತೂ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೂ ತುಂಡು ಉತ್ತರ ಕೊಡುವ ಬದಲು ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಎಣ್ಣೆ ಆರನೇ ಹಂತದಲ್ಲಿ ಬರುತ್ತದೆ. ನೇರ ಅಲ್ಲಿಗೆ ಹಾರಬೇಡಿ. ಯಾಕೆ ಉದುರುತ್ತಿದೆ ಅಂತ ಗೊತ್ತಿಲ್ಲದೆ ಹಚ್ಚುವ ಎಣ್ಣೆ ಸುಮ್ನೆ ದುಡ್ಡು ದಂಡ.

ಬೇಕಾಗುವುದು ಇಷ್ಟೇ: ಫೋಟೊ ತೆಗೆಯಲು ಒಂದು ಮೊಬೈಲ್, ಒಂದು ರಕ್ತ ಪರೀಕ್ಷೆ, ಅಡುಗೆಮನೆಯಲ್ಲಿ ಈಗಾಗಲೇ ಇರುವ ಕಾಳು ಸೊಪ್ಪು, ಮತ್ತು ಆರು ತಿಂಗಳ ತಾಳ್ಮೆ. ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹದಿನೈದು ದಿನದಲ್ಲಿ ದಟ್ಟ ಕೂದಲು ಅನ್ನುವವರ ಮಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಹಂತ 1: ಎಷ್ಟು, ಎಲ್ಲಿ ಉದುರುತ್ತಿದೆ ನೋಡಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ವಾರಕ್ಕೊಮ್ಮೆ ತಲೆಗೆ ಎರೆದುಕೊಳ್ಳುವವರಿಗೆ ಆ ವಾರದ್ದೆಲ್ಲ ಒಂದೇ ದಿನ ಬಚ್ಚಲಲ್ಲಿ ಕಾಣುತ್ತದೆ, ಗಾಬರಿಯಾಗುತ್ತದೆ. ಸರಿಯಾಗಿ ನೋಡಬೇಕಂದ್ರೆ, ತಲೆಸ್ನಾನ ಮಾಡದ ದಿನ 50–60 ಕೂದಲಿನ ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆಯಿರಿ. ನಾಲ್ಕೈದು ಕಡೆ ಹೀಗೆ ಮಾಡಿ. ಪ್ರತಿ ಸಲವೂ ಆರಕ್ಕಿಂತ ಜಾಸ್ತಿ ಕೈಗೆ ಬಂದರೆ ಉದುರುವಿಕೆ ಹೆಚ್ಚಾಗಿದೆ ಅಂತ ಅರ್ಥ.

ಉದುರಿದ ಕೂದಲಿನ ತುದಿಯಲ್ಲಿ ಪುಟ್ಟ ಬಿಳಿ ಗಂಟು ಇದ್ದರೆ "ಬೇರು ಸಮೇತ ಬಂತು" ಅಂತ ಅಳಬೇಡಿ. ಅದು ಬೇರಲ್ಲ. ಅವಧಿ ಮುಗಿದ ಕೂದಲಿನ ಬುಡ ಹಾಗೇ ಇರುತ್ತದೆ. ಹೊಸ ಕೂದಲು ಹುಟ್ಟುವ ಚೀಲ ಚರ್ಮದ ಒಳಗೇ ಉಳಿದಿರುತ್ತದೆ.

ಈಗ ಎಲ್ಲಿ ಅನ್ನುವುದು. ತಲೆಯ ತುಂಬಾ ಒಂದೇ ಸಮ ತೆಳ್ಳಗಾಗಿದ್ದರೆ ಹೆಚ್ಚಾಗಿ ದೇಹದ ಒಳಗಿನ ಕಾರಣ. ಇದು ಸರಿಹೋಗುವ ಜಾತಿ. ಗಂಡಸರಿಗೆ ಹಣೆಯ ಎರಡು ಮೂಲೆ ಮತ್ತು ನೆತ್ತಿ, ಹೆಂಗಸರಿಗೆ ಬೈತಲೆ ಅಗಲವಾಗುತ್ತಾ ಹೋದರೆ ಅದು ವಂಶದಿಂದ ಬಂದದ್ದು. ಡಿಎಚ್‌ಟಿ ಅನ್ನುವ ಹಾರ್ಮೋನಿಗೆ ಕೂದಲ ಬುಡಗಳು ಸೊರಗಿ ವರ್ಷ ವರ್ಷಕ್ಕೆ ಸಣ್ಣ ಕೂದಲು ಬಿಡುತ್ತವೆ. ಇದಕ್ಕೆ ಮನೆಮದ್ದು ಒಂದೇ ಸಾಲದು. ಬೇಸರದ ಮಾತು ಅಂತ ಗೊತ್ತು, ಆದರೆ ಮೊದಲೇ ತಿಳಿದರೆ ಎರಡು ಮೂರು ವರ್ಷ ಉಳಿಯುತ್ತದೆ.

ನಾಣ್ಯದಷ್ಟು ಗುಂಡಗೆ, ನುಣ್ಣಗೆ ಖಾಲಿಯಾಗಿದ್ದರೆ "ಹುಳ ತಿಂದಿದೆ" ಅನ್ನುತ್ತಾರಲ್ಲ, ಅಲ್ಲಿ ಹುಳ ಯಾವುದೂ ಇರುವುದಿಲ್ಲ. ದೇಹದ ರೋಗ ತಡೆಯುವ ಶಕ್ತಿ ತನ್ನದೇ ಕೂದಲ ಬುಡದ ಮೇಲೆ ತಿರುಗಿ ಬೀಳುವ ತೊಂದರೆ ಅದು. ಇನ್ನು ಹಣೆಯ ಅಂಚು, ಕಿವಿಯ ಮೇಲ್ಭಾಗ ಮಾತ್ರ ತೆಳ್ಳಗಿದ್ದರೆ ಜಡೆ ಬಿಗಿಯಾಯಿತು. ಸಡಿಲ ಮಾಡಿ, ಅಷ್ಟೇ ಔಷಧ.

ಇವತ್ತೇ ಒಂದು ಫೋಟೊ ತೆಗೆದಿಡಿ. ಅದೇ ಕಿಟಕಿ ಪಕ್ಕ, ಅದೇ ಬೆಳಕು, ಕೂದಲು ಒಣಗಿದ್ದಾಗ. ಮುಂದೆ ತಿಂಗಳಿಗೊಂದು ಸಾಕು. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ.

ಹಂತ 2: ಮೂರು ತಿಂಗಳು ಹಿಂದಕ್ಕೆ ಹೋಗಿ

ಕೂದಲು ಕೆಲವು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಉದುರುತ್ತದೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೆ ಈ ವಿಶ್ರಾಂತಿಗೆ ಜಾರುತ್ತವೆ. ಹಾಗಾಗಿ ಇವತ್ತು ಉದುರುತ್ತಿರುವುದಕ್ಕೆ ಕಾರಣ ಇವತ್ತಿನದಲ್ಲ, ಎರಡು ಮೂರು ತಿಂಗಳ ಹಿಂದಿನದು. ಡೆಂಗಿ, ಟೈಫಾಯ್ಡ್, ಯಾವುದೇ ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ಸಣ್ಣಗಾದದ್ದು, ಮನೆಯಲ್ಲೊಂದು ಸಾವು. ನೆನಪು ಮಾಡಿಕೊಳ್ಳಿ.

ಇಂಥದ್ದು ಸಿಕ್ಕಿದರೆ ಅರ್ಧ ನಿಶ್ಚಿಂತೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿ ನಿಲ್ಲುತ್ತದೆ. ಇಲ್ಲೇ ಒಂದು ಮೋಸವೂ ಇದೆ. ಉದುರುವುದು ನಿಲ್ಲುವ ಹೊತ್ತಿಗೆ ನೀವು ಯಾವ ಎಣ್ಣೆ ಹಚ್ಚುತ್ತಿದ್ದಿರೋ ಅದಕ್ಕೆ ಹೆಸರು ಹೋಗುತ್ತದೆ. ಅಕ್ಕಪಕ್ಕದವರು "ನನಗೆ ಇದರಿಂದಲೇ ಬಂತು" ಅನ್ನುವ ಮಾತಿನಲ್ಲಿ ಎಷ್ಟೋ ಇಂಥವೇ.

ಹಂತ 3: ರಕ್ತ ಪರೀಕ್ಷೆ

ಡಾಕ್ಟರಿಗೆ ತೋರಿಸಿ ಈ ಐದನ್ನು ಕೇಳಿ: ಹಿಮೋಗ್ಲೋಬಿನ್ ಸೇರಿದ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಡಿ, ಬಿ12. ಫೆರಿಟಿನ್ ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಸರಿಯಿದ್ದೂ ಇದು ತಳ ಹಿಡಿದಿರಬಹುದು. ಎಷ್ಟೋ ಲ್ಯಾಬ್‌ಗಳ ವರದಿಯಲ್ಲಿ 15 ಇದ್ದರೂ ಸರಿ ಅಂತಲೇ ಬರುತ್ತದೆ. ಕೂದಲಿನ ವಿಷಯಕ್ಕೆ ಬಂದಾಗ ಹಲವು ಚರ್ಮ ತಜ್ಞರು 40ರ ಮೇಲಿರಲಿ ಅನ್ನುತ್ತಾರೆ. ಜ್ವರ ಇದ್ದಾಗ ಫೆರಿಟಿನ್ ಸುಳ್ಳು ಸುಳ್ಳೇ ಏರಿ ತೋರಿಸುತ್ತದೆ, ಆಗ ಮಾಡಿಸಬೇಡಿ.

ಕಬ್ಬಿಣ ಕಡಿಮೆ ಬಂದರೆ ಯಾಕೆ ಅಂತ ಕೇಳಿ. ಮುಟ್ಟಿನ ಸ್ರಾವ ಜಾಸ್ತಿಯಾ? ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಕೊಕ್ಕೆ ಹುಳದ ಬಾಧೆ ಇರಬಹುದು. ಒದ್ದೆ ಮಣ್ಣಿನಿಂದ ಕಾಲಿನ ಚರ್ಮದ ಮೂಲಕ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುವ ಹುಳ ಅದು. ಅದನ್ನು ತೆಗೆಯದೆ ಎಷ್ಟು ಕಬ್ಬಿಣ ನುಂಗಿದರೂ ಸೋರಿಹೋಗುತ್ತದೆ. ಹುಡುಗಿಯರಿಗೆ ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು, ಮೊಡವೆ ಜಾಸ್ತಿ ಇದ್ದರೆ ಪಿಸಿಒಡಿ (ಅಂಡಾಶಯ, ಹಾರ್ಮೋನಿನ ಏರುಪೇರು) ಪರೀಕ್ಷೆಯೂ ಬೇಕು.

ಹಂತ 4: ತಟ್ಟೆ ಮತ್ತು ಕಾಫಿ ಲೋಟ

ಈ ಹಂತವನ್ನು ಜನ ಓದದೆ ದಾಟುತ್ತಾರೆ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಹೆಚ್ಚು ಫಲ ಕೊಡುವುದು ಇದೇ.

ಕೂದಲು ಅಂದರೆ ಕೆರಾಟಿನ್ ಅನ್ನುವ ಪ್ರೋಟೀನ್. 60 ಕಿಲೋ ತೂಕದವರಿಗೆ ದಿನಕ್ಕೆ ಹತ್ತಿರ ಹತ್ತಿರ 50 ಗ್ರಾಂ ಪ್ರೋಟೀನ್ ಬೇಕು. ಬೆಳಿಗ್ಗೆ ಚಟ್ನಿ ಜೊತೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ಮಜ್ಜಿಗೆ ಆದರೆ ಅದರ ಹತ್ತಿರವೂ ಹೋಗುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ. ಹಾಸನದ ಕಡೆ ಮುದ್ದೆ ಜೊತೆ ಮಾಡುವ ಹುರುಳಿಕಾಳು ಬಸ್ಸಾರು ಈ ಲೆಕ್ಕದಲ್ಲಿ ಬಹಳ ಒಳ್ಳೆಯ ಊಟ. ಒಂದೇ ಷರತ್ತು: ಬಸಿದ ನೀರನ್ನಷ್ಟೇ ಸಾರು ಮಾಡಿ ಉಂಡರೆ ಸಾಲದು, ಕಾಳಿನ ಪಲ್ಯ ತಟ್ಟೆ ತುಂಬಾ ಇರಲಿ. ಅವರೆಕಾಳು, ಅಲಸಂದೆ, ಕಡಲೆಕಾಯಿ, ಹುಚ್ಚೆಳ್ಳು ಚಟ್ನಿಪುಡಿ ಎಲ್ಲ ಸೇರಲಿ. ತಿನ್ನುವವರಿಗೆ ಮೀನು, ಮಾಂಸ ಇದ್ದೇ ಇದೆ.

ಕಬ್ಬಿಣಕ್ಕೆ ಸೊಪ್ಪು, ಕಾಳು, ಎಳ್ಳು, ರಾಗಿ. ಕಾಳು, ರಾಗಿಗಳಲ್ಲಿ ಫೈಟೇಟ್ ಅನ್ನುವ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಬಿಡುವುದಿಲ್ಲ. ಮೊಳಕೆ ಕಟ್ಟಿದರೆ, ಹುದುಗು ಬರಿಸಿದರೆ ಅದು ಕಡಿಮೆಯಾಗುತ್ತದೆ. ಊಟದ ಜೊತೆ ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಒಲೆ ಆರಿಸಿದ ಮೇಲೆ ಪಲ್ಯಕ್ಕೆ ನಿಂಬೆ ಹಿಂಡಿ. ಬೆಟ್ಟದ ನೆಲ್ಲಿಕಾಯಿ ಸಿಗುವ ಕಾಲದಲ್ಲಿ ಹಸಿಯಾಗಿ ಒಂದು ತಿನ್ನಿ. ಅದನ್ನು ಎಣ್ಣೆಗೆ ಹಾಕುವುದಕ್ಕಿಂತ ಹೊಟ್ಟೆಗೆ ಹಾಕಿದರೆ ಲಾಭ ಜಾಸ್ತಿ.

ಇನ್ನು ಕಾಫಿ. ಕಾಫಿ ಬೆಳೆಯುವ ಊರಿನವರಿಗೆ ಕಾಫಿ ಬಿಡಿ ಅನ್ನುವುದಿಲ್ಲ. ಯಾವಾಗ ಕುಡಿಯುತ್ತೀರಿ ಅನ್ನುವುದು ಮುಖ್ಯ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರುವುದು 39% ಕಡಿಮೆಯಾಯಿತು. ಟೀ ಕುಡಿದಾಗ 64%. ಊಟಕ್ಕೆ ಒಂದು ಗಂಟೆ ಮೊದಲೇ ಕಾಫಿ ಕುಡಿದವರಿಗೆ ಏನೂ ನಷ್ಟವಾಗಲಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದವರಿಗೆ ಮಾತ್ರ ಜೊತೆಗೆ ಕುಡಿದಷ್ಟೇ ನಷ್ಟ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವ ಫಿಲ್ಟರ್ ಕಾಫಿಗೆ ತೊಂದರೆಯಿಲ್ಲ. ತಿಂಡಿ ಮುಗಿಸಿ ಕೈ ತೊಳೆದ ಬೆನ್ನಿಗೇ ಬರುವ ಲೋಟ ಇದೆಯಲ್ಲ, ಅದನ್ನು ಎರಡು ಗಂಟೆ ಆಚೆಗೆ ತಳ್ಳಿ. ಕಬ್ಬಿಣದ ಮಾತ್ರೆಯನ್ನಂತೂ ಕಾಫಿ, ಹಾಲಿನ ಜೊತೆ ಯಾವತ್ತೂ ನುಂಗಬೇಡಿ.

ಹಂತ 5: ಮಾತ್ರೆ, ಗಮ್ಮಿ, ಪುಡಿಗಳು

ಕೊರತೆ ಇದ್ದವರಿಗೆ ಮಾತ್ರೆ ಔಷಧ. ಕೊರತೆ ಇಲ್ಲದವರಿಗೆ ಅದು ಬರೀ ಖರ್ಚು, ಕೆಲವೊಮ್ಮೆ ತೊಂದರೆ.

ಬಯೋಟಿನ್ ಬಗ್ಗೆ ಕೇಳುವವರೇ ಜಾಸ್ತಿ. ಇದು ಬಿ ಗುಂಪಿನ ವಿಟಮಿನ್. ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಅಂಗಡಿಯ ಮಾತ್ರೆಗಳಲ್ಲಿ 5,000, 10,000 ಇರುತ್ತದೆ. ಇದರ ಕೊರತೆ ಬಹಳ ಅಪರೂಪ. ದಿನಾ ಹಸಿ ಮೊಟ್ಟೆಯ ಬಿಳಿ ಕುಡಿಯುವವರಿಗೆ ಬರಬಹುದು, ಬೇಯಿಸಿ ತಿಂದರೆ ಆ ಭಯ ಇಲ್ಲ. ದೊಡ್ಡ ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯನ್ನೂ ತಪ್ಪಾಗಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಈಗಾಗಲೇ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ಡಾಕ್ಟರಿಗೆ ಹೇಳಿ, ಅವರು ಹೇಳಿದಷ್ಟು ದಿನ ನಿಲ್ಲಿಸಿ.

ವಿಟಮಿನ್ ಎ ಮತ್ತು ಸೆಲೆನಿಯಮ್ ಹೆಚ್ಚಾದರೆ ಕೂದಲೇ ಉದುರುತ್ತದೆ. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ನುಂಗುವವರು ಡಬ್ಬಿಯ ಹಿಂಭಾಗ ಓದಿ. ಎರಡರಲ್ಲೂ ಅದೇ ಇರುತ್ತದೆ.

ಕುಂಬಳಬೀಜದ ಎಣ್ಣೆಗೆ ಸ್ವಲ್ಪ ಆಧಾರ ಇದೆ. 2014ರಲ್ಲಿ ಕೊರಿಯಾದಲ್ಲಿ 76 ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 400 ಮಿಲಿಗ್ರಾಂ ತೆಗೆದುಕೊಂಡವರಿಗೆ 24 ವಾರದಲ್ಲಿ ಕೂದಲಿನ ಎಣಿಕೆ 40% ಏರಿತು, ಸುಮ್ಮನೆ ಖಾಲಿ ಮಾತ್ರೆ ನುಂಗಿದವರಿಗೆ 10%. ಆದರೆ ಆ ಮಾತ್ರೆಯಲ್ಲಿ ಬೇರೆ ಪದಾರ್ಥಗಳೂ ಬೆರೆತಿದ್ದವು. ಸಾರಿಗೆ ಕುಂಬಳ ಹೆಚ್ಚಿದಾಗ ಬೀಜ ಬಿಸಾಡದೆ ಹುರಿದು ತಿನ್ನಿ ಅನ್ನುವಷ್ಟು ನಾನು ಧೈರ್ಯವಾಗಿ ಹೇಳಬಲ್ಲೆ.

ಬಸುರಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಯಾವ ಕೂದಲಿನ ಮಾತ್ರೆಯನ್ನೂ ಮುಟ್ಟಬಾರದು. ಕಬ್ಬಿಣದ ಮಾತ್ರೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಚಾಕಲೇಟ್ ಅಂತ ತಿಂದರೆ ಜೀವಕ್ಕೇ ಅಪಾಯ.

ಹಂತ 6: ಎಣ್ಣೆ

ಬಂತು ನೋಡಿ. ಎಣ್ಣೆಯಿಂದ ಏನು ನಿರೀಕ್ಷಿಸಬೇಕು ಅನ್ನುವುದು ಮೊದಲು. ಕೊಬ್ಬರಿ ಎಣ್ಣೆ ಕೂದಲಿನ ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ತಡೆಯುತ್ತದೆ. ಇದು ಪ್ರಯೋಗದಲ್ಲಿ ಕಂಡದ್ದು. ಕೂದಲು ತುಂಡಾಗುವುದು ಕಡಿಮೆಯಾದರೆ ತಲೆ ತುಂಬಿದಂತೆ ಕಾಣುವುದು ಸಹಜ. ಗರಗದ ಸೊಪ್ಪು, ಅಂದರೆ ಆಯುರ್ವೇದದ ಭೃಂಗರಾಜ, ಕೂದಲು ಬೆಳೆಸುತ್ತದೆ ಅನ್ನುವ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಇಲಿಗಳ ಮೇಲೆ. ನಂಬಿಕೆ ಇದ್ದರೆ ಹಚ್ಚಿ, ಹಾನಿಯಿಲ್ಲ.

ಗರಗ ಗದ್ದೆಯ ಬದುವಿನಲ್ಲಿ, ನೀರು ನಿಲ್ಲುವ ಕಡೆ ಬೆಳೆಯುತ್ತದೆ. ಹೂವು ಬಿಳಿ, ಚಿಕ್ಕದು. ಎಲೆಯನ್ನು ಬೆರಳಲ್ಲಿ ಹೊಸಕಿ ಸ್ವಲ್ಪ ಹೊತ್ತು ಬಿಡಿ. ಹಸಿರು ಇದ್ದದ್ದು ಕಪ್ಪಾಗುತ್ತದೆ, ಚರ್ಮಕ್ಕೂ ಕಪ್ಪು ಹತ್ತುತ್ತದೆ. ಹಳದಿ ಹೂವಿನದು ಬೇರೆ ಗಿಡ. ಶುಂಠಿ, ಆಲೂಗೆಡ್ಡೆ ಹೊಲದ ಬದು, ಬೋರ್ಡೋ ದ್ರಾವಣ ಹೊಡೆದ ತೋಟದ ಅಂಚಿನಿಂದ ಮಾತ್ರ ಕೀಳಬೇಡಿ. ಔಷಧಿ, ಕಳೆನಾಶಕ ಬಿದ್ದಿರುತ್ತದೆ. ಗಿಡ ಸಿಗದಿದ್ದರೆ ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ್ದು ಕೇಳಿ.

ಮಾಡುವ ಬಗೆ: ಕಾಲು ಲೀಟರ್ ಗಾಣದ ಕೊಬ್ಬರಿ ಎಣ್ಣೆ, ಒಂದು ಹಿಡಿ ಗರಗ, ಒಂದು ಹಿಡಿ ಕರಿಬೇವು, ನಾಲ್ಕೈದು ಕೆಂಪು ದಾಸವಾಳ, ಒಂದು ಚಮಚ ಮೆಂತ್ಯ. ಸೊಪ್ಪು ತೊಳೆದು ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಪೂರಾ ಆರಿಸಿ. ಮಳೆಗಾಲದಲ್ಲಿ ಇದಕ್ಕೆ ಒಲೆಯ ಪಕ್ಕವೇ ಗತಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಎಣ್ಣೆ ಇಟ್ಟು ಸ್ವಲ್ಪ ಸ್ವಲ್ಪವೇ ಹಾಕಿ. ಒಮ್ಮೆಲೇ ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಚುರುಚುರು ಸದ್ದು, ನೊರೆ ನೊರೆಯಾಗಿ ಗುಳ್ಳೆ ಏಳುತ್ತದೆ. ಅದು ಸೊಪ್ಪಿನ ನೀರು ಹೋಗುತ್ತಿರುವ ಸದ್ದು. ಸದ್ದು ಅಡಗಿ, ಗುಳ್ಳೆ ನಿಂತು, ಎಲೆ ಚಮಚಕ್ಕೆ ತಾಗಿದರೆ ಗರಿಗರಿ ಅನ್ನುವಾಗ ಉರಿ ಆರಿಸಿ. ಮೊದಲೇ ಇಳಿಸಿದರೆ ನೀರು ಉಳಿದು ಬೂಷ್ಟು ಬರುತ್ತದೆ, ತಡವಾದರೆ ಸೀಯುತ್ತದೆ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಗಾಜಿನ ಬಾಟಲಿಗೆ ತುಂಬಿ. ಕಮಟು ವಾಸನೆ ಬಂದರೆ ಚೆಲ್ಲಿ.

ಮೊದಲ ಸಲ ಮೊಣಕೈಯ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಇಲ್ಲ ಅಂದರೆ ವಾರಕ್ಕೆ ಎರಡು ಸಲ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿ. ಉಗುರಿನಿಂದ ಕೆರೆಯಬೇಡಿ, ಬೆರಳ ತುದಿ ಸಾಕು.

ತಲೆಹೊಟ್ಟು ಇದ್ದವರು ಎಣ್ಣೆ ನಿಲ್ಲಿಸಿ. ಹೊಟ್ಟಿಗೆ ಕಾರಣವಾದ ಮಲಸೇಜಿಯ ಅನ್ನುವ ಶಿಲೀಂಧ್ರಕ್ಕೆ ಎಣ್ಣೆಯ ಅಂಶವೇ ಊಟ. "ತಲೆ ಒಣಗಿದೆ, ಅದಕ್ಕೇ ಹೊಟ್ಟು" ಅಂತ ಇನ್ನಷ್ಟು ಎಣ್ಣೆ ಬಳಿಯುವುದು ನಮ್ಮಲ್ಲಿ ಮನೆ ಮನೆಯ ತಪ್ಪು. ಮೊದಲು ಶಿಲೀಂಧ್ರ ಕೊಲ್ಲುವ ಕೀಟೊಕೊನಜೋಲ್ ಇರುವ ಶಾಂಪೂ, ಆಮೇಲೆ ಎಣ್ಣೆಯ ಮಾತು.

ರೀಲ್ಸ್‌ನಲ್ಲಿ ಓಡುವ ಆದಿವಾಸಿ ಎಣ್ಣೆಗಳ ಬಗ್ಗೆ ಇಷ್ಟೇ ಹೇಳುತ್ತೇನೆ: ಬಾಟಲಿಯ ಮೇಲೆ ಪದಾರ್ಥಗಳ ಪಟ್ಟಿ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ ಎಲ್ಲ ಇದೆಯಾ ನೋಡಿ. ಇಲ್ಲದಿದ್ದರೆ ಬೇಡ. ಬೊಕ್ಕತಲೆ ವಾಸಿ ಮಾಡುತ್ತೇವೆ, ಹೊಸ ಕೂದಲು ಹುಟ್ಟಿಸುತ್ತೇವೆ ಅಂತ ಔಷಧಿಗಳು ಹೇಳಿಕೊಳ್ಳುವುದನ್ನು ನಮ್ಮ ದೇಶದ ಔಷಧ ನಿಯಮಗಳ 'ಜೆ' ಅನುಸೂಚಿಯೇ ನಿಷೇಧಿಸಿದೆ. ಹಾಗೆ ಗ್ಯಾರಂಟಿ ಕೊಡುವವರ ಬಗ್ಗೆ ಅಲ್ಲೇ ಅನುಮಾನ ಬರಬೇಕು.

ಹಂತ 7: ಈರುಳ್ಳಿ, ರೋಸ್‌ಮರಿ, ಗುಲಗಂಜಿ

ಈರುಳ್ಳಿ ರಸದ ಕತೆ ಶುರುವಾದದ್ದು 2002ರಲ್ಲಿ ಪ್ರಕಟವಾದ ಇರಾಕಿನ ಒಂದು ಸಣ್ಣ ಅಧ್ಯಯನದಿಂದ. ದಿನಕ್ಕೆರಡು ಸಲ ಹಚ್ಚಿದವರಲ್ಲಿ ಹೆಚ್ಚಿನವರಿಗೆ ಆರು ವಾರದಲ್ಲಿ ಕೂದಲು ಬಂತು. ಆದರೆ ಅವರೆಲ್ಲ ಗುಂಡಗೆ ಕೂದಲು ಹೋಗಿದ್ದವರು. ನೆತ್ತಿ ತೆಳ್ಳಗಾದವರಿಗೆ ಅದನ್ನು ಅನ್ವಯಿಸುವ ಹಾಗಿಲ್ಲ. ಹಚ್ಚುವುದಾದರೆ ಗುಂಡಗೆ ಹೋದ ಜಾಗಕ್ಕೆ ಮಾತ್ರ ಹಚ್ಚಿ, ಉರಿದರೆ ತಕ್ಷಣ ತೊಳೆಯಿರಿ. ಬೆಳ್ಳುಳ್ಳಿ ಅರೆದು ಕಟ್ಟಿಕೊಂಡರೆ ಚರ್ಮ ಸುಟ್ಟು ಬೊಬ್ಬೆ ಏಳಬಹುದು.

ರೋಸ್‌ಮರಿ ಎಣ್ಣೆಯನ್ನು 2015ರ ಇರಾನಿನ ಅಧ್ಯಯನವೊಂದು ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಔಷಧ 2% ಮಿನಾಕ್ಸಿಡಿಲ್ ಜೊತೆ ಹೋಲಿಸಿತು. 100 ಜನರ ಮೇಲೆ ಆರು ತಿಂಗಳು. ಕೊನೆಗೆ ಎರಡೂ ಹೆಚ್ಚುಕಮ್ಮಿ ಸಮ. ಮೂರು ತಿಂಗಳಿಗೆ ಎರಡರಲ್ಲೂ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ, ಇದು ನೆನಪಿರಲಿ. ನೇರ ಹಚ್ಚಬೇಡಿ. ಎರಡು ಚಮಚ ಕೊಬ್ಬರಿ ಎಣ್ಣೆಗೆ ಐದಾರು ಹನಿ ಸಾಕು.

ಗುಂಡಗೆ ಹೋದ ಜಾಗಕ್ಕೆ ಹಳ್ಳಿಗಳಲ್ಲಿ ಗುಲಗಂಜಿ ತೇಯ್ದು ಹಚ್ಚುವುದುಂಟು. ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಆ ಬೀಜ ಕಡು ವಿಷ. ಆಯುರ್ವೇದದಲ್ಲಿ ಅದನ್ನು ಶುದ್ಧಿ ಮಾಡಿ ಬಳಸುವ ಕ್ರಮ ಬೇರೆ ಇದೆ, ಅದು ವೈದ್ಯರ ಕೆಲಸ. ಹಾಸನದ ತಣ್ಣೀರುಹಳ್ಳದಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇರುವಾಗ ಈ ಸಾಹಸ ಯಾಕೆ?

ಹಂತ 8: ತಲೆಸ್ನಾನ

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬೋರ್‌ವೆಲ್ ನೀರು ಗಡಸು. ಕೂದಲು ಒರಟಾಗಿ ತುಂಡಾಗುತ್ತದೆ, ಆದರೆ ಬುಡ ಸಾಯುವುದಿಲ್ಲ. ಕೊನೆಯ ಎರಡು ಚೊಂಬು ಮಳೆನೀರೋ ಫಿಲ್ಟರ್ ನೀರೋ ಆಗಲಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ನೀರು ಮೆದು, ತೊಂದರೆ ಒದ್ದೆಯದು. ಹಸಿ ಕೂದಲನ್ನೇ ತುರುಬು ಕಟ್ಟಿದರೆ ಬುಡ ದಿನವಿಡೀ ಆರುವುದಿಲ್ಲ, ಹೊಟ್ಟು ಹೆಚ್ಚುತ್ತದೆ. ಸೀಗೆಪುಡಿಯನ್ನು ನುಣ್ಣಗೆ ಜರಡಿ ಹಿಡಿಯಿರಿ. ದಾಸವಾಳದ ಎಲೆಯ ಲೋಳೆ ಕೂದಲನ್ನು ನುಣುಪು ಮಾಡುತ್ತದೆ, ಬೆಳೆಸುವುದಿಲ್ಲ. ನೀರು ಸುಡುಸುಡು ಬೇಡ.

ಹಂತ 9: ಕಾಯುವುದು, ಕಾಯದೇ ಇರುವುದು

ಮೂರನೇ ತಿಂಗಳ ಫೋಟೊದಲ್ಲಿ ಹಣೆಯಂಚಿಗೆ ಗಿಡ್ಡ ಗಿಡ್ಡ ಕೂದಲು ನಿಂತಿದ್ದರೆ ಒಳ್ಳೆಯ ಲಕ್ಷಣ. ಆರನೇ ತಿಂಗಳಿಗೂ ಮೊದಲಿನ ಹಾಗೇ ಇದ್ದರೆ ಮನೆಮದ್ದು ಸಾಕು ಮಾಡಿ.

ಗುಂಡಗೆ ಹೋದ ಜಾಗ ದೊಡ್ಡದಾಗುತ್ತಿದ್ದರೆ, ಹುಬ್ಬು ಉದುರುತ್ತಿದ್ದರೆ, ನೆತ್ತಿಯಲ್ಲಿ ನೋವು, ಕೀವು, ಹೊಳೆಯುವ ಗಾಯದ ಕಲೆ ಇದ್ದರೆ, ಮಕ್ಕಳಿಗೆ ಉದುರುತ್ತಿದ್ದರೆ ಒಂದು ವಾರವೂ ಕಾಯಬೇಡಿ. ಕಲೆ ಬಿದ್ದು ಬುಡ ಮುಚ್ಚಿದ ಕಡೆ ಕೂದಲು ವಾಪಸ್ ಬರುವುದು ಕಷ್ಟ. ವಂಶದಿಂದ ಬಂದದ್ದಕ್ಕೆ ಮಿನಾಕ್ಸಿಡಿಲ್ ಇದೆ. ಶುರುವಿನ ವಾರಗಳಲ್ಲಿ ಇನ್ನಷ್ಟು ಉದುರುವುದುಂಟು, ಹೆದರಿ ಬಿಡಬೇಡಿ. ನಿಲ್ಲಿಸಿದರೆ ಬಂದದ್ದು ಕೆಲವು ತಿಂಗಳಲ್ಲಿ ಹೋಗುತ್ತದೆ. ಹಾಸನ, ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗದವರನ್ನು ಕೇಳಿ.

ಹೋಗುವಾಗ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಬುಡ ಕಾಣುವುದಿಲ್ಲ. ಹಿಂದಿನ ದಿನ ತಲೆ ತೊಳೆಯಲೂ ಬೇಡಿ, ಎಳೆದು ನೋಡಿದಾಗ ಲೆಕ್ಕ ತಪ್ಪುತ್ತದೆ. ತಿಂಗಳ ಫೋಟೊಗಳು, ರಕ್ತದ ವರದಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಚ್ಚುತ್ತಿರುವ ಎಣ್ಣೆಯ ಬಾಟಲಿ ಚೀಲದಲ್ಲಿರಲಿ.